ತೆಂಕಣ ಗಾಳಿಯಲ್ಲಿ ಅಕ್ಕನ ದನಿ

ಸಿಯುಲಾನ್ ಕೊನೆಯ ಸಲ ತವರಿಗೆ ಬಂದದ್ದು ಶರತ್ಕಾಲದ ಹುಣ್ಣಿಮೆ ಹಬ್ಬಕ್ಕೆ. ತಂಗಿ ಬೀತೋಗೆ ಆಗ ಹದಿನೈದು ವರ್ಷ. ಆ ದಿನಗಳಲ್ಲಿ ಶಿಯಾಮೆನ್ ಪಟ್ಟಣದಿಂದ ಚಿಕ್ಕ ಕಿನ್‌ಮೆನ್ ದ್ವೀಪಕ್ಕೆ ಬರುವುದೆಂದರೆ ಪಕ್ಕದ ಕೇರಿಗೆ ಬಂದ ಹಾಗೆ. ಬೆಳಿಗ್ಗೆ ಗೆಣಸಿನ ಗಂಜಿ ಕುಡಿದು ಹಾಯಿದೋಣಿ ಹತ್ತಿದರೆ ಮಧ್ಯಾಹ್ನದ ಒಲೆ ಹೊತ್ತಿಸುವ ಹೊತ್ತಿಗೆ ಈ ದಡ. ಸಿಯುಲಾನಳನ್ನು ಶಿಯಾಮೆನ್ನಿನ ಒಣಮೀನು ವ್ಯಾಪಾರದವರ ಮನೆಗೆ ಕೊಟ್ಟಾಗ ಅವ್ವ ಹೇಳಿದ್ದೂ ಅದನ್ನೇ: "ದೂರ ಏನಲ್ಲ ಬಿಡು. ಗಂಡನ ಹತ್ರ ಜಗಳ ಆಡಿದ್ರೆ ಸಿಟ್ಟು ಆರೋ ಮೊದಲೇ ತವರಿಗೆ ಬಂದ್ಬಿಡಬಹುದು."

ಆ ಸಂಜೆ ಚಂದ್ರ ಏಳುತ್ತಿದ್ದಂತೆ ಅಂಗಳದಲ್ಲಿ ಬಿಳಿ ಬೋಗುಣಿ ಇಟ್ಟು ಮೂವರೂ ದಾಳ ಹಾಕಿದರು. ನಮ್ಮ ಕಡೆ ಹುಣ್ಣಿಮೆಯ ಕಡುಬನ್ನು ಸುಮ್ಮನೆ ಹಂಚಿ ತಿನ್ನುವುದಿಲ್ಲ. ಆರು ದಾಳ ಬೋಗುಣಿಗೆ ಬಿಟ್ಟು, ಬಿದ್ದ ಚುಕ್ಕೆಗೆ ತಕ್ಕ ಹಾಗೆ ಚಿಕ್ಕದೋ ದೊಡ್ಡದೋ ಗೆದ್ದು ತಿನ್ನಬೇಕು. ದಾಳಗಳು ಪಿಂಗಾಣಿಗೆ ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಕಡುಬು ಸಿಯುಲಾನಳ ಪಾಲಾಯಿತು. ಅವಳು ಅದನ್ನು ತಲೆಯ ಮೇಲಿಟ್ಟುಕೊಂಡು ಅಂಗಳದ ಸುತ್ತ ಒಂದು ಸುತ್ತು ಬಂದಳು.

"ನಿನ್ನ ಕೈಗೆ ಅದೃಷ್ಟ ಅಂಟಲ್ಲ ಕಣೇ ಬೀತೋ. ಸಿಂಪಿ ಕೆಸರು ಮಾತ್ರ ಅಂಟುತ್ತೆ."

"ನಿನ್ನ ಕೈಗೇನು ಅಂಟಿದೆ? ಒಣಮೀನಿನ ವಾಸನೆ. ಭಾವ ಅದೆಂಗೆ ಸಹಿಸ್ಕೊಂಡಿದ್ದಾನೋ."

ಅವ್ವ ಇಬ್ಬರ ಬೆನ್ನಿಗೂ ಒಂದೊಂದು ಗುದ್ದಿದಳು. ಅಂಗಳದ ಆಚೆ, ಗೆಣಸಿನ ಹೊಲದಲ್ಲಿ, ಸೈನಿಕರ ಡೇರೆಗಳಿದ್ದವು. ಉತ್ತರದಲ್ಲಿ ಕಮ್ಯುನಿಸ್ಟರಿಗೆ ಸೋತು ಸೋತು ಬಂದ ರಾಷ್ಟ್ರೀಯ ಪಕ್ಷದ ಸೈನಿಕರು. ಒಬ್ಬೊಬ್ಬರ ಭಾಷೆ ಒಂದೊಂದು; ಊರವರಿಗೆ ಒಂದೂ ತಿಳಿಯದು. ಬೇಲಿಯ ಪಕ್ಕ ನಿಂತು ದಾಳದಾಟ ನೋಡುತ್ತಿದ್ದ ಇಬ್ಬರಿಗೆ ಅವ್ವ ಒಂದು ಚಿಕ್ಕ ಕಡುಬು ಮುರಿದು ಕೊಟ್ಟಳು. ಅವರಲ್ಲಿ ಒಬ್ಬ ಕೈಯಲ್ಲಿ ಹಿಡಿದು ನೋಡುತ್ತಾ ನಿಂತವನು ತಿನ್ನಲೇ ಇಲ್ಲ.

ಮಾರನೆಯ ಬೆಳಿಗ್ಗೆ ಸಿಯುಲಾನ್ ದೋಣಿ ಹತ್ತಿದಳು. "ಚಳಿಗಾಲದ ಹಬ್ಬಕ್ಕೆ ಬರ್ತೀನಿ. ಅಕ್ಕಿ ಉಂಡೆ ನಾನೇ ಕಟ್ಟೋದು. ಬೀತೋ ಕಟ್ಟಿದ್ದು ಕಲ್ಲು ಇದ್ದಂಗಿರುತ್ತೆ" ಎಂದು ನೀರಿನ ಮೇಲಿಂದಲೇ ಕೂಗಿದಳು.

ಆ ತಿಂಗಳು ಮುಗಿಯುವುದರೊಳಗೆ ಶಿಯಾಮೆನ್ ಕಮ್ಯುನಿಸ್ಟರ ಕೈಗೆ ಹೋಯಿತು. ಅವರು ದೋಣಿಗಳಲ್ಲಿ ದಾಟಿ ದೊಡ್ಡ ಕಿನ್‌ಮೆನ್ ದ್ವೀಪದ ಮರಳಿಗೂ ಇಳಿದರು. ಅಲ್ಲಿ ಮೂರು ದಿನ ಕಾದಾಟವಾಗಿ ಮರಳೆಲ್ಲ ಹೆಣವಾಯಿತು. ದ್ವೀಪಗಳು ಮಾತ್ರ ರಾಷ್ಟ್ರೀಯ ಪಕ್ಷದವರಿಗೇ ಉಳಿದವು. ಇಡೀ ಚೀನಾ ತಮ್ಮದೆಂದು ಆ ದಡದವರೂ ಹೇಳಿದರು, ಈ ದಡದವರೂ ಹೇಳಿದರು. ನಡುವೆ ಇದ್ದ ಒಂದು ತುಂಡು ನೀರು ಮಾತ್ರ ಯಾರಿಗೂ ಸಲ್ಲದೆ ನಿಂತಿತು. ತೀರದುದ್ದಕ್ಕೂ ಮುಳ್ಳುತಂತಿ ಬಂತು, ಮರಳಿನಡಿ ಸಿಡಿಮದ್ದು ಬಂತು. ದೋಣಿಗಳನ್ನು ಎಳೆದು ದಡಕ್ಕೆ ಹಾಕಿಸಿದರು. ಚಳಿಗಾಲದ ಹಬ್ಬ ಬಂದಾಗ ಅಕ್ಕಿ ಉಂಡೆಯನ್ನು ಬೀತೋ ಕಟ್ಟಿದಳು. ಅವ್ವ ಎರಡು ತಿಂದು, "ಕಲ್ಲೇ" ಎಂದು ಬಟ್ಟಲು ಸರಿಸಿದಳು.

ಇಬ್ಬರೂ ಸಿಂಪಿ ಕೆಲಸದಲ್ಲೇ ಬದುಕಿದರು. ಅಪ್ಪ ಬೀತೋ ಹುಟ್ಟಿದ ವರ್ಷವೇ ಬಿರುಗಾಳಿಗೆ ಸಿಕ್ಕಿ ಹೋಗಿದ್ದ. ಇಳಿತದ ಹೊತ್ತಿಗೆ ಕಾವಲಿನ ಸೈನಿಕ ಮುಳ್ಳುತಂತಿಯ ಬಾಗಿಲು ತೆರೆಯುತ್ತಿದ್ದ. ಊರ ಹೆಂಗಸರು ಚೀಟಿ ತೋರಿಸಿ ಕೆಸರಿಗೆ ಇಳಿಯುತ್ತಿದ್ದರು. ಸಾಲುಸಾಲಾಗಿ ನೆಟ್ಟ ಕಲ್ಲುಗಂಬಗಳಿಗೆ ಕಚ್ಚಿಕೊಂಡ ಸಿಂಪಿಗಳನ್ನು ಕೆತ್ತಿ ಬುಟ್ಟಿಗೆ ಹಾಕಿ ಉಬ್ಬರ ಬರುವ ಮೊದಲು ವಾಪಸ್ಸಾಗಬೇಕು. ತಡವಾದರೆ ಬೈಗುಳ, ಹೆಚ್ಚು ತಡವಾದರೆ ಗುಂಡು. ಅಲ್ಲಿ ಬಾಗಿ ನಿಂತರೆ ಎದುರಿಗೆ ಶಿಯಾಮೆನ್. ಮಂಜಿಲ್ಲದ ದಿನ ಮನೆಗಳ ಗೋಡೆ ಕಾಣುತ್ತಿತ್ತು. ಅವ್ವ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹೋಗುವಾಗಲೆಲ್ಲ ಸೊಂಟ ನೆಟ್ಟಗೆ ಮಾಡುವ ನೆಪದಲ್ಲಿ ಅತ್ತ ಒಮ್ಮೆ ನೋಡುತ್ತಿದ್ದಳು.

ಆ ದಡದವರು ದೊಡ್ಡ ದೊಡ್ಡ ಧ್ವನಿವರ್ಧಕ ಕಟ್ಟಿದರು. ಈ ದಡದವರು ಅದಕ್ಕಿಂತ ದೊಡ್ಡದು ಕಟ್ಟಿದರು. ದಿನವಿಡೀ ನೀರಿನ ಮೇಲೆ ಬೈಗುಳ, ಘೋಷಣೆ, ನಾಟಕದ ಹಾಡು. ಊರವರು ಅದಕ್ಕೆ ಒಗ್ಗಿಹೋದರು, ಪಕ್ಕದ ಮನೆಯಲ್ಲೊಬ್ಬ ಬಾಯಿಬಡುಕ ಇದ್ದರೆ ಒಗ್ಗಿಹೋಗುವ ಹಾಗೆ. ಬೇಸಿಗೆಯಲ್ಲಿ ತೆಂಕಣ ಗಾಳಿ ಬೀಸುವಾಗ ಅವರ ಮಾತು ಇಲ್ಲಿಗೆ ಸ್ಪಷ್ಟ. ಚಳಿಗಾಲದಲ್ಲಿ ಬಡಗಣ ಗಾಳಿ ತಿರುಗಿತೆಂದರೆ ಅವರದ್ದು ಮುಕ್ಕಾಲು ಪಾಲು ಹಾರಿಹೋಗುತ್ತಿತ್ತು. ಇಲ್ಲಿಯದ್ದು ಅಲ್ಲಿಗೆ ಕೇಳುತ್ತಿತ್ತು.

ಎರಡು ದಡಗಳ ನಡುವೆ ದೊಡ್ಡ ಫಿರಂಗಿ ಕದನ ನಡೆದು ಎರಡು ವರ್ಷವಾಗಿತ್ತು. ಬೇಸಿಗೆಯ ಒಂದು ಬೆಳಿಗ್ಗೆ, ಎಲ್ಲರೂ ಸಿಂಪಿ ಕಲ್ಲುಗಳ ನಡುವೆ ಇದ್ದಾಗ, ಆ ದಡದಿಂದ ಒಬ್ಬ ಹೆಂಗಸಿನ ದನಿ ಬಂತು. ಸರ್ಕಾರಿ ಭಾಷೆಯಲ್ಲ, ನಮ್ಮ ಮನೆಮಾತು.

"ಚಿಕ್ಕ ಕಿನ್‌ಮೆನ್‌ನ ಬಂಧುಗಳೇ, ನಾನು ಸಿಯುಲಾನ್. ಜೋಡಿಬಾವಿ ಪಕ್ಕದ ಹಾಂಗ್ ಮನೆಯ ಹಿರೀ ಮಗಳು. ಅವ್ವಾ, ಚೆನ್ನಾಗಿದ್ದೀಯಾ? ಇಲ್ಲಿ ನಾವೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿದ್ದೀವಿ. ಅನ್ನ, ಮೀನು, ಯಾವುದಕ್ಕೂ ಕೊರತೆ ಇಲ್ಲ..."

ಬೀತೋ ಕೈಯ ಉಳಿ ಕೆಸರಿಗೆ ಬಿತ್ತು. ಸುತ್ತಲ ಹೆಂಗಸರು ತಲೆ ಎತ್ತದೆ ಕೆತ್ತುತ್ತಲೇ ಇದ್ದರು. ಶತ್ರುವಿನ ಮಾತಿಗೆ ಕಿವಿಗೊಟ್ಟವರನ್ನು ಕರೆದೊಯ್ಯುತ್ತಿದ್ದ ಕಾಲ ಅದು. ಅವ್ವ ಮಾತ್ರ ನೆಟ್ಟಗೆ ನಿಂತು ಪೂರ್ತಿ ಕೇಳಿದಳು. ದನಿ ನಿಂತ ಮೇಲೆ, "ಉಂಡಿಲ್ಲ" ಎಂದಳು.

"ಏನವ್ವ?"

"ನನ್ನ ಮಗಳು ಉಂಡಿಲ್ಲ. ಉಂಡವಳ ದನಿ ಹೊಟ್ಟೆಯಿಂದ ಬರುತ್ತೆ. ಇದು ಬರೀ ಗಂಟಲಿಂದ ಬರ್ತಿದೆ."

ಆ ಕಡೆ ಆಗ ಊರಿಗೆ ಊರೇ ಹಸಿವಿನಿಂದ ಸಾಯುತ್ತಿತ್ತೆಂದು ಈ ದಡದವರಿಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ಅವ್ವನಿಗೆ ಆ ದಿನವೇ ಗೊತ್ತಾಯಿತು. ಅಂದು ಮಧ್ಯಾಹ್ನ ಅವಳು ಗಂಜಿ ಮುಟ್ಟಲಿಲ್ಲ.

ವಾರ ಕಳೆಯುವುದರೊಳಗೆ ಸೇನೆಯವರಿಂದ ಬೀತೋಗೆ ಕರೆ ಬಂತು. ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದವನು ಕ್ಯಾಪ್ಟನ್ ಥಾನ್ ಎಂಬ ಹುನಾನ್ ಪ್ರಾಂತದ ಮನುಷ್ಯ. ಅವನು ಊಟಕ್ಕೆ ಅನ್ನಕ್ಕಿಂತ ಮೆಣಸಿನಕಾಯಿ ಹೆಚ್ಚು ತಿನ್ನುತ್ತಾನೆಂದು ಊರಲ್ಲಿ ಮಾತಿತ್ತು. ನಮ್ಮ ಭಾಷೆ ಅವನಿಗೆ ಒಂದಕ್ಷರ ಬಾರದು. ಅದಕ್ಕೆಂದೇ ಊರ ಶಾಲೆಯ ಲೂ ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದ.

"ಶತ್ರುವಿನ ಪರವಾಗಿ ಕೂಗ್ತಿರೋಳು ನಿನ್ನ ಅಕ್ಕನಂತೆ?" ಕ್ಯಾಪ್ಟನ್ ಕೇಳಿದ್ದನ್ನು ಮೇಷ್ಟ್ರು ತಿರುಗಿಸಿ ಹೇಳಿದರು.

"ಹೌದು ಸಾರ್. ಅವಳ ಬಾಯಿ ಮೊದಲಿಂದ್ಲೂ ಜೋರು."

ಮೇಷ್ಟ್ರು ನಗು ತಡೆದುಕೊಂಡರು. ಕ್ಯಾಪ್ಟನ್ ಅವಳನ್ನೇ ನೋಡುತ್ತಾ ಕುಳಿತ. ಹೊಡೆಯುತ್ತಾನೋ, ದೊಡ್ಡ ದ್ವೀಪದ ಜೈಲಿಗೆ ಕಳಿಸುತ್ತಾನೋ ಎಂದು ಬೀತೋ ಕಾದಳು. ಅವನು ಒಂದು ಹಾಳೆ ಮುಂದೆ ತಳ್ಳಿ ಓದಿಸಿದ. ಅವಳು ಮೇಷ್ಟ್ರ ಹತ್ತಿರವೇ ನಾಲ್ಕಕ್ಷರ ಕಲಿತವಳು. ತಡವರಿಸುತ್ತಾ ನಮ್ಮ ಭಾಷೆಯಲ್ಲಿ ಓದಿದಳು. ಕ್ಯಾಪ್ಟನ್ ಕಣ್ಣು ಮುಚ್ಚಿ ಕೇಳಿ, "ಅದೇ ದನಿ. ಇವಳಿಂದ ಉತ್ತರ ಕೊಡಿಸೋಣ" ಅಂದ.

ಬೀತೋಗೆ ಇಷ್ಟವಿರಲಿಲ್ಲ. ಅಕ್ಕನಿಗೆ ಎದುರಾಗಿ ಅಷ್ಟು ಜನರ ಮುಂದೆ ಕೂಗುವುದೆಂದರೆ ಏನು? ಮನೆಗೆ ಬಂದು ಅತ್ತಳು. ಅವ್ವ ಅವಳ ಮುಖ ಒರೆಸಿ, "ಹುಚ್ಚಿ, ಹೋಗು. ಅವರು ಹೇಳಿಕೊಟ್ಟಿದ್ದು ಅವರಿಗೆ, ದನಿ ಅವಳಿಗೆ. ನೀನು ಬದುಕಿದ್ದೀಯ ಅಂತ ಅವಳಿಗೆ ಇನ್ಯಾರು ಹೇಳ್ತಾರೆ?" ಅಂದಳು.

ದ್ವೀಪದ ಪಶ್ಚಿಮದ ಮೂಲೆಯಲ್ಲಿ ಬಂಡೆ ಕೊರೆದು ಮಾಡಿದ ಕೋಣೆ. ಹೊರಗೆ ಜೇನುಗೂಡಿನ ಹಾಗೆ ಧ್ವನಿವರ್ಧಕಗಳ ಗೋಡೆ. ಬಡಗಣ ಗಾಳಿ ಶುರುವಾದ ವಾರ ಬೀತೋ ಮೊದಲ ಸಲ ಮೈಕಿನ ಮುಂದೆ ಕೂತಳು. ಬಿಳಿ ಅನ್ನ, ಡಬ್ಬಿಯ ಮಾಂಸ, ಸ್ವತಂತ್ರ ಬದುಕು ಎಂದೆಲ್ಲ ಓದಿದಳು. ಹಾಳೆ ಮುಗಿಯಿತು. ಬಾಯಿ ನಿಲ್ಲಲಿಲ್ಲ.

"ಅಕ್ಕಾ, ಅವ್ವನ ಮಂಡಿನೋವಿಗೆ ಶುಂಠಿ ಕಾವು ಕೊಡ್ತಿದ್ದೀನಿ, ಪರವಾಗಿಲ್ಲ. ಕರೀ ಹಂದಿ ಒಂಬತ್ತು ಮರಿ ಹಾಕಿದೆ."

ಕ್ಯಾಪ್ಟನ್ ತಲೆ ಎತ್ತಿದ. "ಅದೇನು ಕೊನೇದು? ಹಾಳೇಲಿ ಇರಲಿಲ್ಲ."

ಲೂ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ, "ನಮ್ಮಲ್ಲಿ ವೈದ್ಯಕೀಯ ಸೌಲಭ್ಯ ಉತ್ತಮವಾಗಿದೆ, ಉತ್ಪಾದನೆ ಹೆಚ್ಚಿದೆ ಅಂತ ಸೇರಿಸಿದ್ಲು" ಎಂದರು.

"ಒಳ್ಳೇದು" ಅಂದ ಕ್ಯಾಪ್ಟನ್.

ಉತ್ತರಕ್ಕಾಗಿ ಬೇಸಿಗೆಯವರೆಗೆ ಕಾಯಬೇಕಾಯಿತು. ತೆಂಕಣ ಗಾಳಿ ಬಂದ ಮೇಲೆ ಒಂದು ದಿನ ಸಿಯುಲಾನಳ ದನಿ, ಘೋಷಣೆಗಳ ನಡುವೆ, ಶಾಲೆಯ ಪಾಠ ಒಪ್ಪಿಸುವ ಧಾಟಿಯಲ್ಲೇ ಹೇಳಿತು: "ಎದುರು ದಡದಲ್ಲಿ ಮಾತಾಡುವ ಹೆಣ್ಣುಮಗಳು ಸಾಲು ನುಂಗಬಾರದು. ಬಾಯಿ ತೆರೆದು ಮಾತಾಡಬೇಕು. ಮಂಡಿನೋವಿಗೆ ಬರೀ ಶುಂಠಿ ಸಾಲದು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಬೇಕು."

ಕೆಸರಿನಲ್ಲಿ ಬಾಗಿದ್ದ ಹೆಂಗಸರ ಬೆನ್ನುಗಳು ನಗುವಿಗೆ ಕುಲುಕಿದವು. ಅವ್ವ ನಗಲಿಲ್ಲ. "ಈ ಸಲ ಒಂಚೂರು ಉಂಡಿದ್ದಾಳೆ" ಎಂದಳು. ಅವತ್ತಿನಿಂದ ಉಪ್ಪು ಹುರಿದು ಕಟ್ಟಿಸಿಕೊಂಡಳು.

ಹಾಗೆ ನಡೆಯಿತು ಅಕ್ಕತಂಗಿಯರ ಮಾತುಕತೆ. ಚಳಿಗಾಲದಲ್ಲಿ ಕೇಳಿದ್ದಕ್ಕೆ ಬೇಸಿಗೆಯಲ್ಲಿ ಉತ್ತರ. ಬೀತೋ ಕಲ್ಲು ಕೆಲಸದವನೊಬ್ಬನನ್ನು ಮದುವೆಯಾದ ಸುದ್ದಿ ಹೋಗಿ, "ಕಲ್ಲು ಒಡೆಯುವವನಿಗೆ ಕಲ್ಲಿನಂಥ ಅಕ್ಕಿ ಉಂಡೆ ಸರಿಹೊಂದೀತು" ಎಂಬ ಮರುಮಾತು ಬರುವ ವೇಳೆಗೆ ಅವಳು ಬಸುರಿ. ಸಿಯುಲಾನಳಿಗೆ ಗಂಡು ಹುಟ್ಟಿದ್ದು ಹೀಗೆಯೇ ತಿಳಿಯಿತು. ಅವ್ವ ಕೆಂಪು ಬಣ್ಣದ ಮೊಟ್ಟೆ ಮಾಡಿ ಕೇರಿಗೆಲ್ಲ ಹಂಚಿದಳು. ಯಾಕೆಂದು ಯಾರೂ ಕೇಳಲಿಲ್ಲ. ಊರ ಹೆಂಗಸರು ಬಾವಿಕಟ್ಟೆಯ ಹತ್ತಿರ ಬೀತೋ ಕಿವಿಗೆ ಪಿಸುಗುಟ್ಟುತ್ತಿದ್ದರು: "ನನ್ನ ತಮ್ಮ ಇದ್ದಾನಾ ಕೇಳೇ", "ನಮ್ಮತ್ತೆ ಸತ್ತಳು ಅಂತ ಮಾವನಿಗೆ ಮುಟ್ಟಿಸೇ". ಮೇಷ್ಟ್ರು ಅಷ್ಟನ್ನೂ ಕ್ಯಾಪ್ಟನ್ನಿಗೆ ಉತ್ಪಾದನೆ, ಆರೋಗ್ಯ, ನೈತಿಕ ಬಲ ಎಂದು ಅನುವಾದಿಸುತ್ತಿದ್ದರು. ಆ ದಡದಲ್ಲೂ ಒಬ್ಬ ಲೂ ಮೇಷ್ಟ್ರು ಇದ್ದಿರಬೇಕು.

ಐದಾರು ವರ್ಷ ಹೀಗೆ ಕಳೆದ ಮೇಲೆ ಒಂದು ಶರತ್ಕಾಲದಲ್ಲಿ ಅವ್ವ ತೀರಿಕೊಂಡಳು. ನೆಲಗಡಲೆ ಕೀಳುತ್ತಿದ್ದವಳು ಹೊಲದಲ್ಲೇ ಕೂತಳು, ಮತ್ತೆ ಏಳಲಿಲ್ಲ. ನಮ್ಮಲ್ಲಿ ಅವ್ವ ಸತ್ತ ಸುದ್ದಿ ಕೇಳಿ ಬರುವ ಮದುವೆಯಾದ ಮಗಳು ಊರ ದಾರಿಯ ತುದಿಯಿಂದಲೇ ಅಳುತ್ತಾ ಬರಬೇಕು. ಮಂಡಿಯೂರಿಕೊಂಡು, ಅವ್ವನನ್ನು ಕೂಗಿ ಕರೆಯುತ್ತಾ, ಶವಪೆಟ್ಟಿಗೆಯವರೆಗೆ. ಮನೆಯವರೊಬ್ಬರು ಎದುರು ಹೋಗಿ, ರಟ್ಟೆ ಹಿಡಿದು ಎಬ್ಬಿಸಿ, ಒಳಗೆ ಕರೆತರಬೇಕು. ಆಗಲೇ ಸತ್ತವಳಿಗೆ ಮಗಳು ಬಂದಳೆಂಬ ಲೆಕ್ಕ. ಬೀತೋ ಪಾಲಿನ ಅಳು ಬೀತೋ ಅತ್ತಳು. ಹಿರಿಯವಳ ಪಾಲಿನದನ್ನು ಯಾರು ಅಳಬೇಕು? ಕೂಲಿಗೆ ಅಳುವ ಹೆಂಗಸನ್ನು ಕರೆಸೋಣವೆಂದು ನೆರೆಯವರು ಹೇಳಿದರು. ಬೀತೋ ಬೇಡವೆಂದಳು. ದಾರಿ ಖಾಲಿ ಇತ್ತು. ಪೆಟ್ಟಿಗೆ ಎತ್ತಿದರು.

"ಈ ಸುದ್ದಿ ಮೈಕಿನಲ್ಲಿ ಬರಬಾರದು" ಎಂದು ಕ್ಯಾಪ್ಟನ್ ಮೊದಲೇ ಹೇಳಿಬಿಟ್ಟ. ಸಾವುನೋವಿನ ಮಾತು ಎದುರಾಳಿಗೆ ಹಬ್ಬದೂಟ ಎಂಬುದು ಮೇಲಿನವರ ಆಜ್ಞೆ. ಬೀತೋ ಚಳಿಗಾಲವಿಡೀ ಬಾಯಿ ಕಟ್ಟಿಕೊಂಡು ಓದಿದಳು. ಹೊಸ ವರ್ಷದ ಹಿಂದಿನ ದಿನ, ಶುಭಾಶಯದ ಹಾಳೆ ಓದಿ ಮುಗಿಸಿ, ಉಸಿರೆಳೆದುಕೊಂಡು, ಒಂದೇ ಮಾತು ಸೇರಿಸಿದಳು: "ಅಕ್ಕಾ, ಈ ವರ್ಷ ನಮ್ಮ ಬಾಗಿಲಿಗೆ ಕೆಂಪು ಕಾಗದ ಹಚ್ಚಿಲ್ಲ."

ಸೂತಕದ ಮನೆಯ ಬಾಗಿಲಿಗಲ್ಲದೆ ಬೇರೆ ಯಾವ ಬಾಗಿಲಿಗೆ ಹೊಸ ವರ್ಷದ ಕೆಂಪು ಕಾಗದ ತಪ್ಪುತ್ತದೆ?

ಕ್ಯಾಪ್ಟನ್, "ಏನಂದಳು?" ಎಂದ. ಲೂ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹೊಸ ವರ್ಷದ... ಶುಭಾಶಯ" ಅಂದರು.

ಕ್ಯಾಪ್ಟನ್ ಎದ್ದು ಟೋಪಿ ಹಾಕಿಕೊಂಡ. ಬಾಗಿಲ ಹತ್ತಿರ ನಿಂತು, "ನಮ್ಮ ಹುನಾನ್‌ನಲ್ಲಿ ಶುಭಾಶಯ ಹೇಳುವಾಗ ಯಾರೂ ಅಳಲ್ಲ ಮೇಷ್ಟ್ರೇ" ಅಂದ. "ನನ್ನ ತಾಯಿ ಇದ್ದಾಳೋ ಇಲ್ಲವೋ, ಹೇಳುವವರೂ ಇಲ್ಲ" ಎಂದು ಹೊರಗೆ ಹೋದ. ಮೇಲಿನವರಿಗೆ ಅವನು ಏನೂ ವರದಿ ಮಾಡಲಿಲ್ಲ.

ಬೇಸಿಗೆ ಬಂತು. ತೆಂಕಣ ಗಾಳಿ ಬಂತು. ಸಿಯುಲಾನ್ ಬರಲಿಲ್ಲ. ಬೇರೆ ಬೇರೆ ಹೆಂಗಸರು ಕೂಗಿದರು. ಮಾತು ಮುಟ್ಟಲಿಲ್ಲವೇನೋ ಎಂದು ಬೀತೋ ಅಂದುಕೊಳ್ಳುವಷ್ಟರಲ್ಲಿ, ಇಳಿತದ ಒಂದು ಬೆಳಿಗ್ಗೆ, ಆ ದನಿ ಬಂದೇ ಬಂತು. "ಚಿಕ್ಕ ಕಿನ್‌ಮೆನ್‌ನ ಬಂಧುಗಳೇ" ಎಂದು ಎಂದಿನಂತೆ ಶುರುವಾಯಿತು. ಒಂದೆರಡು ಸಾಲು ಓದಿತು. ತಡೆಯಿತು. ಆಮೇಲೆ ನೀರಿನ ಆಚೆಯಿಂದ ಬಂದದ್ದು ಓದುವ ದನಿಯಾಗಿರಲಿಲ್ಲ.

"ಅವ್ವಾ... ದಾರಿ ತುದೀಲಿ ನಿಂತಿದ್ದೀನವ್ವಾ! ನೀರು ಅಡ್ಡ ಬಂತವ್ವಾ! ಮಂಡಿಯೂರಿ ಬರೋಣ ಅಂದ್ರೆ ಊರೋಕೆ ನೆಲ ಇಲ್ಲವ್ವಾ! ಬಾಗಿಲು ಮುಚ್ಚಬೇಡಿ ಅಂತ ಹೇಳವ್ವಾ, ನಿನ್ನ ಹಿರೀ ಮಗಳು ಇನ್ನೂ ದಾರೀಲಿದ್ದಾಳೆ..."

ಕೆಸರಿನಲ್ಲಿದ್ದ ಒಬ್ಬೊಬ್ಬ ಹೆಂಗಸೂ ಎದ್ದು ನಿಂತಳು. ಈ ಸಲ ಯಾರೂ ಹೆದರಲಿಲ್ಲ. ಅಷ್ಟು ದೊಡ್ಡ ದನಿಯಲ್ಲಿ ಯಾವ ಮಗಳೂ ಯಾವ ತಾಯಿಗೂ ಅತ್ತಿರಲಿಲ್ಲ. ದ್ವೀಪದ ಗುಡ್ಡಗಳಿಗೆ ತಾಗಿ ಅಳು ಎರಡೆರಡಾಗಿ ತಿರುಗುತ್ತಿತ್ತು.

ಬೀತೋ ಬುಟ್ಟಿ ಬಿಟ್ಟು ನೀರಿನ ಕಡೆ ನಡೆದಳು. ಸಿಂಪಿ ಕಲ್ಲುಗಳ ಕೊನೆಯ ಸಾಲು ದಾಟಿದಳು. ಅಲ್ಲಿಂದಾಚೆ ಹೋಗುವಂತಿಲ್ಲ. ಕಾವಲಿನವನು ಶಿಳ್ಳೆ ಊದಿದ. ಅವಳು ನಿಲ್ಲಲಿಲ್ಲ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕಾವಲಿನವನು ಬಂದೂಕು ಎತ್ತಿದ್ದನ್ನು ಹಿಂದಿದ್ದ ಹೆಂಗಸರೆಲ್ಲ ನೋಡಿದರು. ಅವನು ಶಾಂಡೊಂಗ್ ಕಡೆಯ ನಡುವಯಸ್ಸಿನ ಸೈನಿಕ. ನಮ್ಮ ಭಾಷೆ ಅವನಿಗೂ ಬಾರದು. ಆದರೆ ಅವ್ವನನ್ನು ಕರೆಯುವುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಅವನು ಬಂದೂಕು ಇಳಿಸಿ ಬೆನ್ನು ತಿರುಗಿಸಿ ನಿಂತ.

ಬೀತೋ ಎರಡೂ ಕೈ ಮುಂದೆ ಚಾಚಿದಳು, ಬಿದ್ದವಳ ರಟ್ಟೆ ಹಿಡಿಯುವ ಹಾಗೆ. "ಎದ್ದೇಳಕ್ಕಾ, ಸಾಕು. ಬಂದ್ಯಲ್ಲ. ಒಳಗೆ ಬಾ" ಎಂದಳು. ಪಕ್ಕದಲ್ಲಿ ನಿಂತವರಿಗೂ ಕೇಳದಷ್ಟು ಮೆಲ್ಲಗೆ.

ಆಚೆಯ ಅಳು ಒಂದು ಮಾತಿನ ನಡುವೆ ಪಟ್ಟನೆ ಕತ್ತರಿಸಿಹೋಯಿತು. ಸ್ವಲ್ಪ ಹೊತ್ತು ಬರೀ ಗರಗರ ಸದ್ದು. ಆಮೇಲೆ ಕಹಳೆ, ನಗಾರಿ, ಮೆರವಣಿಗೆಯ ಹಾಡು.

ಸಿಯುಲಾನಳ ದನಿ ಆಮೇಲೆ ಎಂದೂ ಬರಲಿಲ್ಲ. ಬೀತೋ ಇನ್ನೂ ಕೆಲವು ಚಳಿಗಾಲ ಆ ಬಂಡೆಯ ಕೋಣೆಗೆ ಹೋಗಿ ಓದಿದಳು. ಕೊನೆಗೊಂದು ಮಾತು ಸೇರಿಸುತ್ತಿದ್ದಳು: ಬೇಲಿಯ ಬಳಿ ಪೇರಳೆ ಗಿಡ ಹಣ್ಣು ಬಿಟ್ಟಿದೆ, ಎರಡನೆಯದು ಹೆಣ್ಣು, ಬಾವಿಗೆ ಹೊಸ ಹಗ್ಗ ಬಂದಿದೆ. ಬೇಸಿಗೆಯಲ್ಲಿ ಕಿವಿ ನೀರಿನ ಕಡೆಗೇ ಇರುತ್ತಿತ್ತು. ಆಮೇಲೆ ಗಂಟಲು ಕೆಟ್ಟಿತು, ಕೆಲಸ ಬಿಟ್ಟಳು. ಮುಂದೊಂದು ವರ್ಷ ಎರಡೂ ದಡದ ಫಿರಂಗಿಗಳು ಪೂರ್ತಿ ನಿಂತೇಬಿಟ್ಟವು. ಕ್ಯಾಪ್ಟನ್ ಥಾನ್ ತೈವಾನಿಗೆ ವರ್ಗವಾಗಿ ಹೋದ. ಲೂ ಮೇಷ್ಟ್ರು ತೀರಿಕೊಂಡರು. ಅವರ ಶವದ ಹಿಂದೆ ಊರ ಹೆಂಗಸರು ಗಂಡಸರಿಗಿಂತ ಹೆಚ್ಚಿದ್ದರು.

ಎರಡು ದಡಗಳ ನಡುವೆ ಹೋಗಿಬರಬಹುದೆಂದು ಸರ್ಕಾರ ಹೇಳಿದ ಮೇಲೆ, ಸಿಂಗಪುರದ ನೆಂಟರೊಬ್ಬರ ಮೂಲಕ ಅಕ್ಕ ಬದುಕಿರುವುದು ತಿಳಿಯಿತು. ಫೋನಿನಲ್ಲಿ ಮಾತೂ ಆಯಿತು. ಇಬ್ಬರೂ ಹಳೆಯ ಅಭ್ಯಾಸದಂತೆ ಕಿವಿ ಕಿತ್ತುಹೋಗುವ ಹಾಗೆ ಕೂಗಾಡುತ್ತಿದ್ದರು. ಬೀತೋ ಮಗ, "ಅಮ್ಮಾ, ಫೋನೇ ಬೇಡ, ಹಾಗೇ ಕೇಳುತ್ತೆ ಅವರಿಗೆ" ಎಂದು ಗೇಲಿ ಮಾಡುತ್ತಿದ್ದ. ಆದರೆ ಹೋಗಬೇಕೆಂದರೆ ತೈಪೆಗೆ ವಿಮಾನ, ಅಲ್ಲಿಂದ ಹಾಂಗ್‌ಕಾಂಗ್, ಅಲ್ಲಿಂದ ಮತ್ತೆ ಶಿಯಾಮೆನ್. ಬೀತೋ ಒಪ್ಪಲಿಲ್ಲ. "ಕಣ್ಣಿಗೆ ಕಾಣೋ ಊರಿಗೆ ಆಕಾಶದಲ್ಲಿ ಯಾಕೆ ಹೋಗ್ಲಿ? ದೋಣಿ ಬಿಡ್ಲಿ, ಹೋಗ್ತೀನಿ." ಗಂಡ ಹಾಸಿಗೆ ಹಿಡಿದಿದ್ದದ್ದೂ ಒಂದು ಕಾರಣ. ಅವನು ತೀರಿಕೊಂಡ. ಕೆಲವು ವರ್ಷಗಳ ಮೇಲೆ, ಹೊಸ ಶತಮಾನದ ಮೊದಲ ಚಳಿಗಾಲದಲ್ಲಿ, ಕಿನ್‌ಮೆನ್ನಿನಿಂದ ಶಿಯಾಮೆನ್ನಿಗೆ ಹಡಗು ಬಿಟ್ಟರು. ಪೇರಳೆ ಹೂಬಿಡುವ ಕಾಲಕ್ಕೆ ಬೀತೋ ಹತ್ತಿದಳು. ಚೀಲದಲ್ಲಿ ಕಡಲೆಕಾಯಿ ಮಿಠಾಯಿ, ಜೋಳದ ಸಾರಾಯಿ, ಒಣಗಿಸಿದ ಸಿಂಪಿ.

ಹಡಗುಕಟ್ಟೆಯಲ್ಲಿ ಜನ ಹೆಸರು ಬರೆದ ಹಲಗೆ ಹಿಡಿದು ನಿಂತಿದ್ದರು. ಬೀತೋಗೆ ಹಲಗೆ ಬೇಕಾಗಲಿಲ್ಲ. ಜನರ ಗದ್ದಲವನ್ನೆಲ್ಲ ಸೀಳಿಕೊಂಡು ಒಂದು ದನಿ ಬಂತು.

"ಏ ಬೀತೋ! ಎಷ್ಟು ದಪ್ಪ ಆಗಿದ್ದೀಯೇ!"

ಕುಳ್ಳಗೆ, ಕಡ್ಡಿಯ ಹಾಗೆ, ಪೂರ್ತಿ ಬಿಳಿಗೂದಲಿನ ಮುದುಕಿ. ಬೀತೋ ಚೀಲ ಕೆಳಗಿಟ್ಟಳು.

"ನೀನೋ, ಗಾಳಿಗೆ ಹಾರಿಹೋಗೋ ಹಾಗಿದ್ದೀಯ. ಇಲ್ಲಿ ಉಣ್ಣೋಕೆ ಹಾಕಲ್ವಾ?"

"ಈಗ ಹಾಕ್ತಾರೆ. ನನಗೇ ಹೊಟ್ಟೆ ಚಿಕ್ಕದಾಗೋಗಿದೆ."

ಆಮೇಲೆ ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು, ಹೋಗುವವರಿಗೆಲ್ಲ ಅಡ್ಡವಾಗಿ ನಿಂತರು.

ಸಿಯುಲಾನಳ ಮನೆ ನಾಲ್ಕನೆಯ ಮಹಡಿಯಲ್ಲಿ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಗಂಡ ತೀರಿ ಬಹಳ ಕಾಲವಾಗಿತ್ತು. ಸಿಂಪಿ, ಗೆಣಸಿನ ಹಿಟ್ಟು, ಮೊಟ್ಟೆ ಹಾಕಿ ದೋಸೆಯ ಹಾಗೆ ಹುಯ್ದು ಕೊಟ್ಟಳು. ಬೀತೋ ಒಂದು ತುತ್ತು ತಿಂದು, "ಈ ಸಿಂಪಿ ನೋಡೋಕೆ ದೊಡ್ಡದು, ರುಚಿ ನೀರು" ಎಂದಳು. "ಗೊತ್ತು ಕಣೇ. ನೀನು ತಂದಿದ್ದು ತೆಗಿ" ಎಂದು ಅಕ್ಕ ಅವಳ ಚೀಲಕ್ಕೇ ಕೈ ಹಾಕಿದಳು.

ಊಟ ಮುಗಿದ ಮೇಲೆ ಬೀತೋ ಕೇಳಿದಳು. ಫೋನಿನಲ್ಲಿ ಕೇಳಲಾಗದೆ ಇಟ್ಟುಕೊಂಡಿದ್ದ ಪ್ರಶ್ನೆ. "ಆವತ್ತು ಅತ್ಯಲ್ಲ. ಆಮೇಲೆ ಏನು ಮಾಡಿದ್ರು ನಿನ್ನ?"

ಸಿಯುಲಾನ್ ಬಟ್ಟಲು ತೊಳೆಯುತ್ತಲೇ ಹೇಳಿದಳು. "ಏನು ಮಾಡ್ತಾರೆ? ತಂತಿ ಕಿತ್ತರು. ಸಭೆ ಸೇರಿಸಿ ಬೈದ್ರು. ಸತ್ತ ಸುದ್ದಿ ಯಾರು ಹೇಳಿದ್ರು ಅಂತ ಕೇಳಿ ಕೇಳಿ ಸಾಕಾದ್ರು. ಗಾಳಿ ಹೇಳ್ತು ಅಂದೆ. ಬೆಟ್ಟದ ಮೇಲೆ ಚಹಾ ತೋಟಕ್ಕೆ ಕಳ್ಸಿದ್ರು. ತುಂಬ ವರ್ಷ ಇದ್ದೆ. ಅಲ್ಲಿಗೆ ಸಮುದ್ರ ಕಾಣ್ತಿರಲಿಲ್ಲ, ಅದೊಂದೇ ಕಷ್ಟ." ಬಟ್ಟಲು ಬೋರಲು ಹಾಕಿದಳು. "ತಂತಿ ಕಿತ್ತ ಮೇಲೂ ನಾನು ನಿಲ್ಲಿಸಲಿಲ್ಲ ಗೊತ್ತಾ? ಸತ್ತ ಮೈಕಿನ ಮುಂದೆ ಪೂರ್ತಿ ಅತ್ತೆ. ಅದನ್ನ ಅರ್ಧಕ್ಕೆ ಬಿಡಬಾರ್ದಲ್ಲ. ಆದ್ರೆ ಎಬ್ಬಿಸೋರು ಯಾರೂ ಇರಲಿಲ್ಲ. ನಾನೇ ಎದ್ದೆ. ಅದೊಂದು ಮನಸ್ಸಲ್ಲಿ ಹಾಗೇ ಉಳೀತು."

"ನಾನು ಎಬ್ಬಿಸ್ದೆ ಅಕ್ಕ."

ಸಿಯುಲಾನ್ ತಿರುಗಿ ನೋಡಿದಳು.

"ಸೊಂಟದವರೆಗೆ ನೀರಿಗಿಳಿದು, ಕೈ ಚಾಚಿ, ಒಳಗೆ ಬಾ ಅಂದೆ. ಎಲ್ಲರೂ ನೋಡಿದ್ದಾರೆ. ಬೇಕಾದ್ರೆ ಊರಲ್ಲಿ ಕೇಳು."

ಅಕ್ಕ ಒದ್ದೆ ಕೈಯಲ್ಲೇ ಕುರ್ಚಿಗೆ ಕುಸಿದಳು. ಮುಂಗೈಯಿಂದ ಮೂಗು ಒರೆಸಿಕೊಂಡಳು. "ಹಾಗಾದ್ರೆ ಎಲ್ಲ ಸರಿಯಾಗೇ ಆಗಿದೆ" ಅಂದಳು.

ಬಿಸಿಲು ಇಳಿದ ಮೇಲೆ ಇಬ್ಬರೂ ಕಡಲ ದಂಡೆಯ ಕಟ್ಟೆಗೆ ಹೋಗಿ ಕೂತರು. ಹುಡುಗರು ಗಾಳಿಪಟ ಹಾರಿಸುತ್ತಿದ್ದರು. ಎದುರಿಗೆ, ನೀರಿನ ಮೇಲೆ ಯಾರೋ ಮರೆತು ಬಿಟ್ಟುಹೋದ ಹಾಗೆ, ತಗ್ಗಾದ ಒಂದು ಹಸಿರು ಗೆರೆ.

"ಅದೇನು?" ಬೀತೋ ಕೇಳಿದಳು.

"ಅಯ್ಯೋ ಹುಚ್ಚಿ, ಅದೇ ನಿಮ್ಮೂರು."

ಹುಟ್ಟಿದಾಗಿನಿಂದ ಬೀತೋ ತನ್ನ ದ್ವೀಪವನ್ನು ಹೊರಗಿನಿಂದ ಹೀಗೆ ಕೂತು ನೋಡಿದವಳಲ್ಲ. "ಇಷ್ಟೇನಾ?" ಎಂದಳು. "ಇಷ್ಟಕ್ಕೇನಾ ಅಷ್ಟು ಗುಂಡು ಹಾಕಿದ್ದು?"

"ಇಷ್ಟಕ್ಕೇ." ಸಿಯುಲಾನ್ ಕೈ ಎತ್ತಿ ತೋರಿಸಿದಳು. "ಅಲ್ಲಿ ನೋಡು, ಎಡಗಡೆ ಗೂನು ಬೆನ್ನಿನ ಗುಡ್ಡ. ನಮ್ಮ ಮನೆ ಹಿಂದಿನದು. ಚಹಾ ತೋಟದಿಂದ ಬಂದ ಮೇಲೆ ದಿನಾ ಸಂಜೆ ಇಲ್ಲಿ ಬಂದು ಕೂತು ಅದನ್ನೇ ನೋಡ್ತಿದ್ದೆ. ಅವ್ವನ ಗೋರಿನೂ ಅಲ್ಲೇ ಎಲ್ಲೋ ಇರ್ಬೇಕು ಅಂತ ಹಬ್ಬಕ್ಕೆ ಊದುಬತ್ತಿನೂ ಹಚ್ತಿದ್ದೆ."

ಬೀತೋ ಕಣ್ಣು ಕಿರಿದು ಮಾಡಿ ನೋಡಿದಳು. ಹೇಳಲೋ ಬೇಡವೋ ಎಂದು ಸ್ವಲ್ಪ ಯೋಚಿಸಿದಳು. ಅಕ್ಕನ ಮುಂದೆ ಅವಳಿಗೆ ಸುಳ್ಳು ಎಂದೂ ಬಂದಿರಲಿಲ್ಲ.

"ಅದು ನಮ್ಮ ಗುಡ್ಡ ಅಲ್ಲಕ್ಕ. ಅದು ಪಕ್ಕದೂರಿಂದು. ನಮ್ಮದು ಅದರ ಹಿಂದಿದೆ. ಇಲ್ಲಿಗೆ ಕಾಣಲ್ಲ."

ಸಿಯುಲಾನ್ ಗುಡ್ಡವನ್ನು ನೋಡಿದಳು, ತಂಗಿಯನ್ನು ನೋಡಿದಳು, ಮತ್ತೆ ಗುಡ್ಡವನ್ನು ನೋಡಿದಳು. ಗಾಳಿಗೆ ಮುಖದ ಮೇಲೆ ಬಂದ ಬಿಳಿಗೂದಲನ್ನು ಹಿಂದಕ್ಕೆ ತಳ್ಳಿಕೊಂಡಳು.

"ಇರ್ಲಿ ಬಿಡು" ಎಂದಳು. "ಇಷ್ಟು ವರ್ಷ ನೋಡಿದ್ದೀನಿ. ಇನ್ನು ಬೇರೆ ಗುಡ್ಡ ಎಲ್ಲಿ ಹುಡುಕ್ಲಿ?"

ಬೀತೋ ಮಿಠಾಯಿಯ ಪೊಟ್ಟಣ ಬಿಚ್ಚಿ ಇಬ್ಬರ ನಡುವೆ ಇಟ್ಟಳು. ಕತ್ತಲಾಗುವವರೆಗೆ ಇಬ್ಬರೂ ಆ ಪಕ್ಕದೂರಿನ ಗುಡ್ಡವನ್ನೇ ನೋಡುತ್ತಾ ಕೂತಿದ್ದರು.